ನಾಯಿಯ ಪಾಲು

ಮಲೆನಾಡಿನ ಶಿಕಾರಿ ಕತೆಗಳಲ್ಲಿ ಮೊದಲು ಬರುವುದು ಕೋವಿ, ಆಮೇಲೆ ಹಂದಿ, ಎಲ್ಲಕ್ಕಿಂತ ಕೊನೆಗೆ ನಾಯಿ. ಹಕ್ಕಿ ಶಿಕಾರಿಯಂತೂ ಕತೆಯ ಲೆಕ್ಕಕ್ಕೇ ಇಲ್ಲ. ಹಂದಿ ಹೊಡೆದವನು ಜಗಲಿ ಮೇಲೆ ಕೂತು ಮೀಸೆ ತಿರುವಬಹುದು. ಚಿಟ್ಟುಕೋಳಿ ಹೊಡೆದವನು ಹಿತ್ತಿಲ ಬಾಗಿಲಿಗೆ ಬಂದು ಅದನ್ನು ಅಡುಗೆಮನೆಗೆ ಕೊಟ್ಟು ಸುಮ್ಮನೆ ಹೋಗಬೇಕು. ಹಾಗೆ ಬಂದ ಹಕ್ಕಿಗಳ ಪುಕ್ಕ ಕಿತ್ತು ಬೆಳೆದವಳು ನಾನು. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಕೋವಿ ಗಂಡಸರದು, ನಾಯಿ ಹೆಂಗಸರದು. ಅನ್ನ ಹಾಕುವುದು, ಉಣುಗು ಹೆಕ್ಕುವುದು, ಕಾಲಿನ ಮುಳ್ಳು ಕೀಳುವುದು ಎಲ್ಲ ನಮ್ಮ ಕೆಲಸ. ಮುಂದೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದೆ. ಎರಡೂ ಸೇರಿ, ಈ ಕಸುಬನ್ನು ನಾಯಿಯ ಕಡೆಯಿಂದ ಹೇಳಬಹುದು ಅನ್ನಿಸಿದೆ.

ಕಾಡುಕೋಳಿ ಮನುಷ್ಯನನ್ನು ಕಂಡರೆ ಹಾರುವುದಿಲ್ಲ, ಓಡುತ್ತದೆ. ಹಳುವಿನೊಳಗೆ ತಲೆ ತಗ್ಗಿಸಿ ಓಡುವ ಕೋಳಿಗೆ ಎಂಥ ಗುರಿಕಾರನ ಈಡೂ ತಾಗುವುದಿಲ್ಲ. ಅದೇ ಕೋಳಿಯನ್ನು ನಾಯಿ ಅಟ್ಟಿದರೆ ಹತ್ತಿರದ ಮರಕ್ಕೆ ಹಾರಿ ಕೂರುತ್ತದೆ, ಕತ್ತು ಚಾಚಿ ಕೆಳಗಿನ ನಾಯಿಗೆ ಬೈಯುತ್ತದೆ. ಅದರ ಗಮನವೆಲ್ಲ ಬೊಗಳುವವನ ಮೇಲೆ. ಕೋವಿ ಹಿಡಿದು ಇನ್ನೊಂದು ಮಗ್ಗುಲಿಂದ ಬರುವವನ ಮೇಲಲ್ಲ. ಚಿಟ್ಟುಕೋಳಿ ಇನ್ನೂ ಕಿಲಾಡಿ. ಎಲೆಗಳ ಮರೆಯಲ್ಲಿ ಅಲುಗಾಡದೆ ಕೂತುಬಿಟ್ಟರೆ ಕೆಳಗಿನಿಂದ ಎಷ್ಟು ನೋಡಿದರೂ ಕಾಣದು. ನಾಯಿ ಯಾವ ಮರದ ಬುಡ ಬಿಟ್ಟು ಕದಲುತ್ತಿಲ್ಲ ಎಂಬುದೊಂದೇ ಗುರುತು.

ನಮ್ಮ ನಾಯಿಯ ವಿದ್ಯೆಯೆಲ್ಲ ಇಷ್ಟೇ: ಮರ ತಪ್ಪಬಾರದು, ದನಿ ನಿಲ್ಲಬಾರದು. ಕೇಳಲು ಸುಲಭ. ಮೂಗು ಎಲ್ಲ ನಾಯಿಗೂ ಇರುತ್ತದೆ, ತಾಳ್ಮೆ ಇರುವುದು ಎಲ್ಲೋ ಒಂದಕ್ಕೆ. ಸೂಲಿನ ಮರಿಗಳಲ್ಲಿ ಯಾವುದಕ್ಕೆ ಆ ಗುಣ ಇದೆ ಎಂದು ಅಜ್ಜಿ ಮೊದಲೇ ಹೇಳುತ್ತಿದ್ದಳು. ಮನೆಯ ಹೇಂಟೆ ಅಟ್ಟದ ಮೇಲೆ ಹಾರಿ ಕೂತಾಗ ಉಳಿದ ಮರಿಗಳು ಎರಡು ಸಲ ಬೊಗಳಿ ಆಟಕ್ಕೆ ಹೋಗುತ್ತವೆ. ಮೇಲೆ ನೋಡುತ್ತ ನಿಂತೇ ಇರುವ ಮರಿಯನ್ನು ಇಟ್ಟುಕೊಳ್ಳುವುದು. ಅದನ್ನು ಮುದಿ ನಾಯಿಯ ಜೊತೆ ಕಾನಿಗೆ ಬಿಡುತ್ತಿದ್ದರು. ಮೊದಲು ಬಿದ್ದ ಹಕ್ಕಿಯ ಗುಂಡಿಗೆಯನ್ನು ಅಲ್ಲೇ, ಬಿಸಿ ಆರುವ ಮುಂಚೆ, ಅದರ ಬಾಯಿಗೆ. ಶಿಕಾರಿಯ ದಿನ ಬೆಳಿಗ್ಗೆ ನಾಯಿಗೆ ಹೊಟ್ಟೆ ತುಂಬ ಹಾಕಬಾರದೆಂದು ಅಪ್ಪಯ್ಯನ ಕಟ್ಟಪ್ಪಣೆ. ಅಜ್ಜಿ ಅದನ್ನು ಕೇಳಿಸಿಕೊಂಡು, ಗಂಡಸರು ಮುಖ ತೊಳೆಯಲು ಹೋದಾಗ ಒಂದು ಉಂಡೆ ಹಾಕುತ್ತಿದ್ದಳು.

ಕಾಫಿ ತೋಟದ ದೊರೆಗಳ ನಾಯಿಗೆ ಬೇರೆಯೇ ಪಾಠ. ಮಂಜರಾಬಾದ್ ಸೀಮೆಗೆ 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಮೈಸೂರಿನ ಚಿನ್ನ, ಬೇಟೆ, ಕಾಫಿ ಬೇಸಾಯಗಳ ಮೇಲೆ 1894ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಅದರ ಹೆಸರಿನಲ್ಲೇ ಬೇಟೆಗೂ ಸ್ಥಾನ. ಆ ಕಾಲದ ದೊರೆಗಳ ಸ್ಪ್ಯಾನಿಯೆಲ್ ಕೋವಿಯ ಅಳತೆ ಬಿಟ್ಟು ದೂರ ಹೋಗಬಾರದು, ಹಕ್ಕಿಯನ್ನು ಗಾಳಿಗೆ ಎಬ್ಬಿಸಬೇಕು, ಬಿದ್ದದ್ದನ್ನು ಹಲ್ಲು ತಾಗದಂತೆ ತಂದು ಕೊಡಬೇಕು. ಕೂತ ಹಕ್ಕಿಗೆ ಹೊಡೆಯುವುದು ಅವರಲ್ಲಿ ಹೇಡಿತನ. ನಮ್ಮವರಲ್ಲಿ ಹಾರುವ ಹಕ್ಕಿಗೆ ತೋಟಾ ಹಾಳು ಮಾಡುವುದು ದುಡ್ಡಿನ ಮದ. ಯಾರದು ಸರಿ ಎಂದು ಕೇಳಿದರೆ ನಾನು ನಮ್ಮವರ ಕಡೆ. ಮದ್ದು ಜಡಿದು, ಚರೆ ತುಂಬಿ, ಕೇಪು ಇಟ್ಟು ಹೊಡೆಯುವ ಒಂಟಿ ನಳಿಗೆಯವನಿಗೆ ಎರಡನೇ ಈಡಿನ ಭರವಸೆಯೇ ಇಲ್ಲ.

ಹಿಂದಕ್ಕೆ ಹೋದರೆ ದಾಖಲೆ ನಾಯಿಗೆ ಸಿಗುತ್ತದೆ, ಹಕ್ಕಿ ಹಿಡಿದ ನಾಯಿಗೆ ಸಿಗುವುದಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ನಾಯಿಗಳ ವಿನೋದವೇ ಬೇರೆ, ಗಿಡುಗದ ವಿನೋದವೇ ಬೇರೆ. ಅರಮನೆಯಲ್ಲಿ ಹಕ್ಕಿಯ ಮೇಲೆ ಹಕ್ಕಿಯನ್ನೇ ಬಿಡುವುದು ಘನತೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಲ್ಲನ್ನು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ತೋರಿಸಿದ್ದೇನೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದನ್ನು ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು, 949–50ರ ಸುಮಾರಿಗೆ ಕಲ್ಲು ನಿಂತಿತು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಅದರಲ್ಲಿದೆ. ಮಕ್ಕಳು ನಗುವುದು ಅಲ್ಲೇ. ಕಾಳಿ ಹಂದಿಯ ಬದಲು ಕಾಡುಕೋಳಿಯನ್ನು ಮರ ಹತ್ತಿಸಿದ್ದರೆ ಯಾರೂ ಕಲ್ಲು ಹಾಕಿಸುತ್ತಿರಲಿಲ್ಲ.

ಬಯಲುಸೀಮೆಯ ಮುಧೋಳ ನಾಯಿಗೆ ಅಂಚೆಚೀಟಿಯ ಗೌರವವೂ ಸಿಕ್ಕಿತು, 2005ರಲ್ಲಿ. ಕಣ್ಣಿಗೆ ಬಿದ್ದ ಮೊಲವನ್ನು ಬೆನ್ನಟ್ಟಲು ಅದಕ್ಕೆ ಸಮ ಇಲ್ಲ, ನಮ್ಮ ಹಳುವಿನಲ್ಲಿ ಮಾತ್ರ ಅದರ ಉದ್ದ ಕಾಲು ಬರೀ ತೊಡಕು. ನಮ್ಮ ನಾಡುನಾಯಿಗಳಿಗೆ ನ್ಯಾಯ ಒದಗಿಸಿದವರು ಸಾಹಿತಿಗಳೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ಗುತ್ತಿಯನ್ನು ಮರೆತಾರು, ಅವನ ನಾಯಿ ಹುಲಿಯನನ್ನು ಮರೆಯಲಾರರು.

ನಾನು ನೋಡಿದ ದೊಡ್ಡ ಹಂಗಾಮು ಅರವತ್ತರ ದಶಕದ್ದು, ಬಿದಿರು ಹೂ ಬಿಟ್ಟ ವರ್ಷ. ಮಾಮೂಲಿನಂತೆ ಹಕ್ಕಿ ಶಿಕಾರಿ ಶುರುವಾಗುತ್ತಿದ್ದದ್ದು ಗದ್ದೆ ಕೊಯ್ಲು ಮುಗಿದ ಮೇಲೆ. ಬೆಳಗಿನ ಹೊತ್ತು, ಇಳಿಹೊತ್ತು ಕೋಳಿಗಳು ಕಾಳು ಹೆಕ್ಕಲು ಕೂಳೆಗದ್ದೆಗೆ ಇಳಿಯುತ್ತವೆ. ಆ ವರ್ಷ ಗದ್ದೆಯ ಕಡೆ ಬರಲೇ ಇಲ್ಲ. ಬಿದಿರು ಹೂವಾಗಿ ಅಕ್ಕಿ ಉದುರಿಸಲು ತೊಡಗಿದರೆ ದೂರದೂರದ ಕಾನುಗಳ ಕೋಳಿಗಳೆಲ್ಲ ಬಂದು ಸೇರುತ್ತವೆ. ನಾವೂ ಸೇರುತ್ತಿದ್ದೆವು, ಹೆಂಗಸರು ಹಿಂಡಿಲಿನ ಬುಡ ಗುಡಿಸಿ, ಮೊರದಲ್ಲಿ ಕೇರಿ, ಬಿದಿರಕ್ಕಿ ಹೊತ್ತು ತರುತ್ತಿದ್ದೆವು. ನಾಯಿಗಳಿಗೆ ಯಾವ ವಾಸನೆ ಹಿಡಿಯಬೇಕೆಂದೇ ತಿಳಿಯದು. ಒಂದು ಮರದ ಕೆಳಗೆ ನಿಂತು ಬೊಗಳುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಕೋಳಿ ಎದ್ದು, ಎರಡನ್ನೂ ಕಳೆದುಕೊಂಡು ನಾಚಿಕೆಯಿಂದ ಬರುತ್ತಿದ್ದವು. ಕರಿಯ ಎಂಬ ಒಂದು ನಾಯಿ ಮಾತ್ರ, ಅರ್ಧ ಕಿವಿ ಇಲ್ಲದ್ದು, ಹಿಡಿದ ಮರ ಬಿಡಲಿಲ್ಲ.

ಕಾಡುಕೋಳಿಯ ಮಾಂಸ ನಾರು, ಬೇಯಲು ಹೊತ್ತು ಬೇಕು. ಮಡಕೆಯಲ್ಲಿ ಮೆಲ್ಲಗೆ ಬೇಯಿಸಿ ಕಡುಬಿನ ಜೊತೆ ಬಡಿಸಿದರೆ ಮನೆಯ ಕೋಳಿ ಸಪ್ಪೆ ಅನ್ನಿಸುತ್ತದೆ. ಚಿಟ್ಟುಕೋಳಿ ಅದಕ್ಕಿಂತ ಮೆದು, ಆದರೆ ಅಷ್ಟು ಜನರ ಮನೆಯಲ್ಲಿ ಅದು ಬಾಣಂತಿಗೋ ಮಗುವಿಗೋ ಸಲ್ಲುವ ತುತ್ತು. ಕಾಡುಕೋಳಿ ಹುಂಜದ ಕತ್ತಿನ ಗರಿಗಳ ಮೇಲೆ ಮೇಣದ ಹನಿ ಬಿದ್ದಂಥ ಚುಕ್ಕೆ ಇರುತ್ತದಲ್ಲ, ಅದಕ್ಕೆ ಇಂಗ್ಲೆಂಡಿನಲ್ಲಿ ಬೆಲೆ: ಮೀನಿನ ಗಾಳಕ್ಕೆ ಕಟ್ಟುವ ಹುಸಿನೊಣ ಮಾಡಲು. ನಾವು ಅದನ್ನು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದೆವು.

ಪಾಲಿನ ಕಟ್ಟು ಸ್ಪಷ್ಟವಾಗಿತ್ತು. ಹಂದಿಯಾದರೆ ಕೋವಿಗೊಂದು ಪಾಲು, ನಾಯಿಗೊಂದು ಪಾಲು. ನಾಯಿಯ ಪಾಲು ಅದರ ಯಜಮಾನನ ಮನೆಗೆ. ಹಕ್ಕಿಯಲ್ಲಿ ಹಂಚಲು ಏನಿದೆ? ಕರುಳು, ಕಾಲು, ತಲೆ ನಾಯಿಗೆ, ಅದೂ ಮನೆಯವರು ಉಣ್ಣುವ ಮೊದಲು. ಶಿವರಾತ್ರಿ ಕಳೆದರೆ ಹೇಂಟೆಗೆ ಹೊಡೆಯುವಂತಿಲ್ಲ, ಮೊಟ್ಟೆಯ ಕಾಲ. ಬಿದಿರಕ್ಕಿಯ ವರ್ಷ ಗಂಡಸರು ಆ ಕಟ್ಟು ಮುರಿದರು. ಶಿವರಾತ್ರಿ ಆದಮೇಲೂ ಹೇಂಟೆಗಳು ಬಂದವು, ಕೆಲವದರ ಹೊಟ್ಟೆಯಲ್ಲಿ ಮೊಟ್ಟೆ. ಅಜ್ಜಿ ಒಲೆ ಹಚ್ಚಲಿಲ್ಲ. ಆ ಹಕ್ಕಿಗಳನ್ನು ಇಡಿಯಾಗಿ ನಾಯಿಗಳಿಗೆ ಹಾಕಿದಳು, ಗಂಡಸರು ಸಾರು-ಅನ್ನ ಉಂಡರು. ಮರುವರ್ಷ ಬಿದಿರೆಲ್ಲ ಒಣಗಿ ನಿಂತು, ಬೇಸಗೆಯಲ್ಲಿ ಬೆಂಕಿ ಬಿತ್ತು.

ಈ ಕಸುಬನ್ನು ನಿಲ್ಲಿಸಿದ್ದು ಕಾನೂನು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾಯಿದೆ ಇತ್ತು, ನಮ್ಮ ಕಾನಿನೊಳಗೆ ಅದನ್ನು ಯಾರೂ ಕಂಡಿರಲಿಲ್ಲ. 1972ರ ವನ್ಯಜೀವಿ ಕಾಯಿದೆಯೂ ಪರವಾನಗಿ ಪಡೆದವರಿಗೆ ಸಣ್ಣ ಬೇಟೆಯ ಬಾಗಿಲು ಇಟ್ಟಿತ್ತು, ಅದು ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ನಾಯಿಗಳೇ ಇರಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ ಎಂಬ ಸುದ್ದಿ ನಮ್ಮ ಕಡೆಗೂ ಮುಟ್ಟಿತು. ಶಿಕಾರಿಯ ತಿಂಗಳುಗಳೇ ಅದರ ತಿಂಗಳುಗಳು. ಕಾನಿನಿಂದ ಬಂದ ನಾಯಿಯನ್ನು ತಾಯಂದಿರು ಜಗಲಿ ಹತ್ತಿಸದಾದರು, ಉಣುಗು ಹೆಕ್ಕಲು ಯಾರೂ ಕೂರಲಿಲ್ಲ. ತೋಟಾ ತುಟ್ಟಿಯಾಯಿತು, ಫಾರಂ ಕೋಳಿ ಅಗ್ಗವಾಯಿತು, ಗಂಡುಮಕ್ಕಳು ಬೆಂಗಳೂರಿಗೆ ಹೋದರು. ಉಳಿದ ನಾಯಿಗಳಲ್ಲಿ ಕೆಲವನ್ನು ಕಿರುಬ ಹೊತ್ತೊಯ್ದಿತು.

ಈಗ ಕಾಡುಕೋಳಿ ನಮ್ಮ ಅಂಗಳಕ್ಕೇ ಬರುತ್ತದೆ. ತಮ್ಮ ಸಾಕಿರುವ ಆಲ್ಸೇಷನ್ ಅದನ್ನು ಅಟ್ಟಿಕೊಂಡು ಹೋಗುತ್ತದೆ. ಕೋಳಿ ಹಲಸಿನ ಮರ ಹತ್ತಿ ಬೈಯಲು ಶುರು ಮಾಡುವಷ್ಟರಲ್ಲಿ ಇದು ಬಾಲ ಆಡಿಸುತ್ತ ಬಿಸ್ಕತ್ತಿಗೆ ವಾಪಸು ಬಂದಿರುತ್ತದೆ. ಒಳ್ಳೆಯದೇ ಆಯಿತು, ಬುಡ ಬಿಡದೆ ನಿಂತಿದ್ದರೆ ಫಾರೆಸ್ಟಿನವರಿಗೆ ನಾನು ಉತ್ತರ ಕೊಡಬೇಕಿತ್ತು.