ಬೆಟ್ಟದ ಬುಡದ ಇಬ್ಬರು

ಚೀನಾದ ಫಾನ್ ಕುವಾನ್ ಸುಮಾರು 1000ನೆಯ ಇಸವಿಯ ಹೊತ್ತಿಗೆ ರೇಷ್ಮೆಯ ಮೇಲೆ ಮಸಿಯಲ್ಲಿ ಬರೆದ ಬೆಟ್ಟದ ಚಿತ್ರವೊಂದು ಈಗ ತೈಪೆಯ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ ಎರಡು ಮೀಟರಿಗೂ ಮಿಗಿಲು. ಅದರ ಬಹುಪಾಲನ್ನು ಒಂದೇ ಹೆಬ್ಬಂಡೆ ಆವರಿಸಿಕೊಂಡಿದೆ; ಸೀಳಿನಲ್ಲಿ ನೂಲೆಳೆಯಂಥ ಜಲಪಾತ, ಬುಡದಲ್ಲಿ ಮಂಜು. ತೀರ ಕೆಳಗೆ, ಬಲಗಡೆ, ಹೇರು ಹೊತ್ತ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುವ ಇಬ್ಬರು. ಅಚ್ಚಾದ ಪ್ರತಿಯಲ್ಲಂತೂ ಕಣ್ಣು ಕಿರಿದು ಮಾಡಿ ಹುಡುಕಬೇಕು. ಒಮ್ಮೆ ಸಿಕ್ಕರೆ, ಊರು ಬಿಟ್ಟು ಬಂದ ನಮ್ಮಂಥವರ ಕಣ್ಣು ಅಲ್ಲಿಂದ ಕದಲುವುದಿಲ್ಲ.

ಇಷ್ಟು ದೊಡ್ಡ ಬೆಟ್ಟವಿದ್ದೂ ನಮಗೆ ಭಯವಾಗುವುದಿಲ್ಲವೇಕೆ? ದಾರಿಯಿದೆ, ಪುಟ್ಟ ಸೇತುವೆಯಿದೆ, ಮರಗಳ ಮೇಲೆ ಗುಡಿಯ ಮಾಡು ಕಾಣುತ್ತದೆ. ಸಂಜೆಗೆ ಅವರು ಎಲ್ಲಾದರೂ ತಂಗಿಯಾರು.

ಚಿತ್ರದಲ್ಲಿ ಕಲಾವಿದನ ರುಜುವಿದ್ದುದು ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1958ರಲ್ಲಿ ವಿದ್ವಾಂಸ ಲಿ ಲಿನ್‌ತ್ಸಾನ್ ಅದನ್ನು ಪತ್ತೆಹಚ್ಚಿದರು. ಅದು ಇದ್ದದ್ದು ಆ ಹೇಸರಗತ್ತೆಗಳ ಹಿಂದೆ, ಎಲೆಗಳ ಮರೆಯಲ್ಲಿ.