ಪುರುಖೇಟಕದ ಉತ್ಪನ್ನ: ಹಲಸಿ–ಬೆಳಗಾವಿ ಶಾಸನಗಳಲ್ಲಿ ಮುಪ್ಪಿನ ಆಸರೆ

ಖಾನಾಪುರ ತಾಲೂಕಿನ ಹಲಸಿಗೆ ಇಂದು ಹೋಗುವವರು ಬಹುಮಟ್ಟಿಗೆ ಅಲ್ಲಿಯ ಭೂವರಾಹ ನರಸಿಂಹ ದೇವಾಲಯವನ್ನು ನೋಡಿ ಮರಳುತ್ತಾರೆ. ಇದೇ ಗ್ರಾಮವು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ರಾಜಧಾನಿಯಾಗಿದ್ದಿತೆಂಬುದನ್ನೂ, ಐದು-ಆರನೆಯ ಶತಮಾನಗಳಲ್ಲಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಆಶ್ರಯಸ್ಥಾನವಾಗಿದ್ದಿತೆಂಬುದನ್ನೂ ಬಲ್ಲವರು ವಿರಳ. ಊರ ಹೊರಗೆ, ಚಕ್ರತೀರ್ಥವೆಂಬ ಚಿಕ್ಕ ಬಾವಿಯ ಬಳಿಯ ಮಣ್ಣುದಿಬ್ಬದಲ್ಲಿ 19ನೆಯ ಶತಮಾನದಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟರು ಓದಿ ಪ್ರಕಟಿಸಿದ ಮೇಲೆಯೇ ಈ ಇತಿಹಾಸವು ಬೆಳಕಿಗೆ ಬಂದಿತು.

ಈ ಪಟಗಳನ್ನು ಧರ್ಮಪ್ರಭಾವನೆಯ ಸಾಕ್ಷಿಗಳೆಂದು ಓದುವುದು ರೂಢಿ. ಜಮಾ-ಖರ್ಚು ಬಲ್ಲ ಶ್ರಾವಕನು ಇವುಗಳನ್ನೇ ಲೆಕ್ಕದ ಕಣ್ಣಿನಿಂದ ಓದಿದರೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಭೂಮಿಯನ್ನು ಕೊಟ್ಟನು. ಇದು ಸೇವೆಗೆ ಸಂದ ಪ್ರತಿಫಲ; ಇಂದಿನ ಮಾತಿನಲ್ಲಿ ನಿವೃತ್ತಿವೇತನವೆಂದರೂ ಸಲ್ಲುತ್ತದೆ. ಮುಂದೆ ರವಿವರ್ಮನ ಕಾಲದ ಶಾಸನವು ಅದೇ ಮನೆತನದ ಕಥೆಯನ್ನು ತಲೆಮಾರುಗಳವರೆಗೆ ಹೇಳುತ್ತದೆ. ಶ್ರುತಕೀರ್ತಿಯು ತೀರಿದ ಮೇಲೆ ಆ ಗ್ರಾಮವು ದಾಮಕೀರ್ತಿಯ ತಾಯಿಗೆ ಸಂದಿತು. ದಾಮಕೀರ್ತಿಯ ಹಿರಿಯ ಮಗನಾದ ಪ್ರತಿಹಾರ ಜಯಕೀರ್ತಿಯು ರಾಜನ ಅನುಗ್ರಹದಿಂದ ಪುರುಖೇಟಕವೆಂಬ ಗ್ರಾಮವನ್ನು, ಫ್ಲೀಟರ ಓದಿನ ಪ್ರಕಾರ, ತನ್ನ ತಂದೆಯ ತಾಯಿಗೆ ಕೊಟ್ಟನು. ಮೊಮ್ಮಗನು ಅಜ್ಜಿಯ ಹೆಸರಿಗೆ ಒಂದು ಗ್ರಾಮವನ್ನೇ ಮಾಡಿಕೊಟ್ಟ ಈ ಪ್ರಸಂಗವನ್ನು ನಮ್ಮ ಇತಿಹಾಸ ಪುಸ್ತಕಗಳು ಒಂದೇ ವಾಕ್ಯದಲ್ಲಿ ದಾಟಿ ಹೋಗುತ್ತವೆ. ಅರಸರ ಹೆಸರುಗಳಿಗೆ ಸಿಕ್ಕ ಗಮನ ಈ ಅಜ್ಜಿಗೆ ಸಿಗಲಿಲ್ಲ.

ಆ ಗ್ರಾಮದ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕದಲ್ಲಿ ಅಷ್ಟಾಹ್ನಿಕ ಮಹೋತ್ಸವ ನಡೆಯತಕ್ಕದ್ದು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲತಕ್ಕದ್ದು ಎಂದು ಶಾಸನವು ವಿಧಿಸುತ್ತದೆ. ಇದಕ್ಕೂ ಮೊದಲು ಮೃಗೇಶವರ್ಮನು ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ಬಿಟ್ಟಿದ್ದನು. ಈ ದಾನಗಳಲ್ಲಿ ಭೂಮಿಯನ್ನು ಮಾರಿ ಉತ್ಸವ ಮಾಡಿರೆಂಬ ಮಾತಿಲ್ಲ. ಮುದ್ದಲು ಹಾಗೆಯೇ ಇರಬೇಕು, ಫಲ ಮಾತ್ರ ಖರ್ಚಾಗಬೇಕು, ಆ ಖರ್ಚು ಯಾವುದಕ್ಕೆಂಬುದು ಬರಹದಲ್ಲಿರಬೇಕು.

ಹಲಸಿಯಿಂದ ಬೆಳಗಾವಿಗೆ ಬರುವಷ್ಟರಲ್ಲಿ ಸುಮಾರು ಏಳು ಶತಮಾನಗಳು ಕಳೆಯುತ್ತವೆ. ಶಕ 1127, ಕ್ರಿ.ಶ. 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನು ತಮ್ಮ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ ಆಳುತ್ತಿರುವಾಗ, ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ದಾನಗಳು ಸಂದವು. ಆ ದಾನಗಳನ್ನು ಶುಭಚಂದ್ರ ಭಟ್ಟಾರಕರ ವಶಕ್ಕೆ ಒಪ್ಪಿಸಲಾಯಿತು. ಕೋಟೆಯೊಳಗಿನ ಕಮಲ ಬಸದಿಯನ್ನು ಕಾಣದ ಬೆಳಗಾವಿಯ ಜೈನರಿಲ್ಲ. ಆದರೆ ಆ ಎರಡು ಶಿಲಾಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಈ ದಾನದ ರಚನೆ ಹಲಸಿಯದಕ್ಕಿಂತ ಭಿನ್ನವಾದುದು. ಉಂಬರವಾಣಿ ಎಂಬ ಗ್ರಾಮವು ಒಂದೆಡೆ. ಪಟ್ಟಣದ ವರ್ತಕರು ತಾವಾಗಿ ಒಪ್ಪಿ ಸರಕಿನ ಮೇಲೆ ಬಿಟ್ಟುಕೊಟ್ಟ ಸುಂಕ ಇನ್ನೊಂದೆಡೆ. ಆ ವರ್ತಕರಲ್ಲಿ ಲಾಟದೇಶದವರೂ ಮಲೆಯಾಳದವರೂ ಇದ್ದರು. ಮಳೆ ಕೈಕೊಟ್ಟ ವರ್ಷ ಪೇಟೆಯ ಸುಂಕ, ಪೇಟೆ ಮಂದವಾದ ವರ್ಷ ಗ್ರಾಮದ ಬೆಳೆ. ಎಲ್ಲ ಹಣವನ್ನೂ ಒಂದೇ ಕಡೆ ಇಡಬಾರದೆಂದು ಇಂದಿನ ಹಣಕಾಸು ಸಲಹೆಗಾರರು ಹೇಳುವುದನ್ನು ವೇಣುಗ್ರಾಮದ ವರ್ತಕರು ಸಲಹೆಗಾರರಿಲ್ಲದೆಯೇ ತಿಳಿದಿದ್ದರು. ಹೆಚ್ಚು ಬಡ್ಡಿಯ ಆಸೆಗೆ ಜೀವಮಾನದ ಗಳಿಕೆಯನ್ನು ಒಂದೇ ಸೊಸೈಟಿಯಲ್ಲಿ ಮುದ್ದತ್ ಠೇವು ಇಟ್ಟವರು ಈ ಶಾಸನವನ್ನು ಓದಿಲ್ಲವೆಂದೇ ಹೇಳಬೇಕು.

ಬೆಳೆಯ ರೂಪದ ಉತ್ಪನ್ನಕ್ಕೆ ಇನ್ನೊಂದು ಗುಣವಿದೆ. ಧಾರಣೆ ಏರಿದರೆ ಅದರ ಬೆಲೆಯೂ ತಾನಾಗಿ ಏರುತ್ತದೆ. ನಗದು ಠೇವಿಗೆ ಈ ಗುಣವಿಲ್ಲ. 20 ಲಕ್ಷ ರೂಪಾಯಿಗಳನ್ನು ಶೇಕಡಾ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 1,40,000 ರೂಪಾಯಿ ಬರುತ್ತದೆ. ಧಾರಣೆಗಳು ಶೇಕಡಾ 6ರಂತೆ ಏರುತ್ತಿದ್ದರೆ, ಆ 20 ಲಕ್ಷದ ಕಸುವನ್ನು ಉಳಿಸಿಕೊಳ್ಳಲು ಅದರಲ್ಲಿ 1,20,000 ರೂಪಾಯಿಗಳನ್ನು ಮರಳಿ ಮುದ್ದಲಿಗೇ ಸೇರಿಸಬೇಕಾಗುತ್ತದೆ. ನಿಜವಾದ ಫಲವೆಂದರೆ ಉಳಿದ 20,000. ತೆರಿಗೆಗೆ ಒಳಪಟ್ಟವರಿಗೆ ಅದೂ ಪೂರ್ತಿ ಉಳಿಯದು. ಬಡ್ಡಿಯನ್ನಷ್ಟೇ ಉಣ್ಣುತ್ತೇವೆ, ಅಸಲಿಗೆ ಕೈ ಹಚ್ಚಿಲ್ಲ ಎಂದು ಸಮಾಧಾನಪಡುವ ಗೃಹಸ್ಥನು ತನಗರಿವಿಲ್ಲದೆ ಅಸಲನ್ನೇ ಉಣ್ಣುತ್ತಿರುತ್ತಾನೆ. 60ನೆಯ ವಯಸ್ಸಿನಲ್ಲಿ ತಿಂಗಳಿಗೆ 30,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ ಇದೇ ಲೆಕ್ಕದಲ್ಲಿ 72ಕ್ಕೆ 60,000 ಬೇಕಾಗುತ್ತದೆ. ಬಸದಿಗಳ ಶಾಶ್ವತ ಪೂಜಾನಿಧಿಗಳಿಗೂ ಈ ಲೆಕ್ಕವೇ ಅನ್ವಯಿಸುತ್ತದೆ. ಹಿಂದಿನವರು ಕೊಟ್ಟ ನೂರೊಂದು ರೂಪಾಯಿಯ ಬಡ್ಡಿಯಲ್ಲಿ ಇಂದು ಒಂದು ದಿನದ ಅಭಿಷೇಕದ ಹಾಲೂ ಬಾರದು.

ಹಾಗೆಂದು ಭೂಮಿಯೇ ಶಾಶ್ವತವೆಂದೂ ತಿಳಿಯುವಂತಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಂತೆ, ಲಾವಣಿಗೆ ಕೊಟ್ಟ ಜಮೀನುಗಳು 1974ರ ಮಾರ್ಚ್ 1ರಿಂದ ಸರಕಾರದಲ್ಲಿ ನಿಹಿತವಾಗಿ, ಉಳುವವರಿಗೆ ಹಕ್ಕು ದೊರೆಯಿತು. ಉಳುವವನ ದೃಷ್ಟಿಯಿಂದ ಅದು ನ್ಯಾಯವೇ ಸರಿ. ಆದರೆ ಲಾವಣಿಯ ಕಾಳನ್ನೇ ನಂಬಿದ್ದ ವಿಧವೆಯರೂ ವೃದ್ಧರೂ ಬಸದಿಗಳೂ ಅಂದು ಒಮ್ಮೆಲೇ ಬರಿಗೈಯಾದುದುಂಟು.

ಆದಾಯದ ವಿಭಾಗದ ಬಗೆಗೂ ನಮ್ಮ ಆಚಾರಗ್ರಂಥಗಳು ಮೌನವಾಗಿಲ್ಲ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದ ವೃತ್ತಿಯಲ್ಲಿ ಸ್ಮರಿಸುವ ಒಂದು ನಿಯಮದಂತೆ, ಗಳಿಕೆಯ ಕಾಲುಭಾಗ ಕೂಡಿಡುವುದಕ್ಕೆ, ಕಾಲುಭಾಗ ವ್ಯವಹಾರಕ್ಕೆ, ಕಾಲುಭಾಗ ಧರ್ಮಕ್ಕೂ ಸ್ವಂತ ಭೋಗಕ್ಕೂ, ಕಾಲುಭಾಗ ಅವಲಂಬಿತರ ಪೋಷಣೆಗೆ. ಸಂಬಳದ ಸಂಸಾರಕ್ಕೆ ಇದು ಯಥಾವತ್ ಒಗ್ಗದಿರಬಹುದು. ಆದರೆ ಧರ್ಮಕ್ಕೂ ಭೋಗಕ್ಕೂ ಒಂದೇ ಪಾಲು ಇಟ್ಟಿರುವುದು ಗಮನಾರ್ಹ. ಪಂಚಕಲ್ಯಾಣದ ಸವಾಲಿನಲ್ಲಿ ಕೂಗುವ ಮೊತ್ತವು ತನ್ನ ಭೋಗದ ಪಾಲಿನಿಂದ ಬರಬೇಕು. ಹೆಂಡತಿಯ ಔಷಧದ ಪಾಲಿನಿಂದಲ್ಲ.

ಇನ್ನು ಬಕ್ಷೀಸಪತ್ರದ ವಿಷಯ. ಅಂಗಡಿಯನ್ನೂ ಮನೆಯನ್ನೂ ಮಕ್ಕಳ ಹೆಸರಿಗೆ ಮಾಡಿ, ಪರಿಗ್ರಹದ ಭಾರ ಇಳಿಯಿತೆಂದು ನಿಟ್ಟುಸಿರು ಬಿಡುವ ಹಿರಿಯರು ನಮ್ಮಲ್ಲಿ ಅನೇಕರು. ಪರಿಗ್ರಹ ಪರಿಮಾಣವೆಂದರೆ ಮಿತಿ ಹಾಕಿಕೊಳ್ಳುವುದು. ಗೃಹಸ್ಥನು ಬರಿಗೈಯಾಗಿ ಸೊಸೆಯ ಮುಂದೆ ಕೈಚಾಚುವುದಲ್ಲ. 2007ರ ತಂದೆ-ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ 23ನೆಯ ಕಲಮು, ಸಲಹುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಸಲಹದಿದ್ದರೆ ಮರಳಿ ಪಡೆಯಲು ಅವಕಾಶ ಕೊಡುತ್ತದೆ. ಅಂಥ ಷರತ್ತು ಇದ್ದಿತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟು, ಬಕ್ಷೀಸಪತ್ರದ ಜೊತೆಗೆ ಮಗನು ಬರೆದುಕೊಟ್ಟ ಬೇರೊಂದು ವಚನಪತ್ರವನ್ನೂ ಕೂಡಿಸಿ ಓದಿ ತಾಯಿಗೆ ಆಸ್ತಿಯನ್ನು ಮರಳಿ ಕೊಡಿಸಿತು. ಎರಡೂ ಪ್ರಕರಣಗಳಲ್ಲಿ ನ್ಯಾಯಾಲಯವು ಹುಡುಕಿದ್ದು ಷರತ್ತನ್ನೇ. ಪುರುಖೇಟಕದ ಉತ್ಪನ್ನವು ಯಾರಿಗೆ, ಯಾವ ತಿಂಗಳುಗಳಲ್ಲಿ, ಯಾವ ಕಾರ್ಯಕ್ಕೆ ಸಲ್ಲಬೇಕೆಂದು ತಾಮ್ರದಲ್ಲಿ ಕೊರೆಸಿದವರ ವಂಶದವರು, ಉಪನೋಂದಣಿ ಕಚೇರಿಯಲ್ಲಿ ಸಹಿ ಹಾಕುವಾಗ ಮಗನ ಮುಂದೆ ಅಂಥ ಒಂದು ಸಾಲನ್ನು ಬರೆಸಲು ಸಂಕೋಚಪಡುತ್ತಾರೆ.