ಅರಸನಿಗೂ ಅದೇ ಅಳತೆ

ಕ್ರಿ.ಶ. 390ರಲ್ಲಿ ಗ್ರೀಸಿನ ಥೆಸಲೋನಿಕ ನಗರದ ಜನ, ತಮ್ಮ ನೆಚ್ಚಿನ ರಥಸಾರಥಿಯೊಬ್ಬನನ್ನು ಸೆರೆಯಲ್ಲಿಟ್ಟದ್ದಕ್ಕೆ ರೊಚ್ಚಿಗೆದ್ದು ಸೇನಾಧಿಪತಿ ಬುಥೆರಿಕ್‌ನನ್ನು ಕೊಂದರು. ಚಕ್ರವರ್ತಿ ಥಿಯೋಡೋಸಿಯಸ್‌ನ ಆಜ್ಞೆಯಂತೆ ಸೈನಿಕರು ಊರವರ ಮೇಲೆರಗಿದರು. ವಿಚಾರಣೆಯಿಲ್ಲ, ತಪ್ಪಿತಸ್ಥನಾರು, ದಾರಿಹೋಕನಾರು ಎಂಬ ವಿವೇಚನೆಯಿಲ್ಲ. ಸತ್ತವರು 7,000 ಎಂದು ಮುಂದಿನ ಶತಮಾನದ ಥಿಯೋಡೊರೆಟ್ ಬರೆದ. ಅಂಕಿಯನ್ನು ಸಂದೇಹಿಸಬಹುದು, ಹತ್ಯಾಕಾಂಡವನ್ನಲ್ಲ.

ಚಕ್ರವರ್ತಿ ಕ್ರೈಸ್ತ. ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್ ಅವನನ್ನು ಚರ್ಚಿನ ಬಾಗಿಲಲ್ಲೇ ತಡೆದನೆಂಬ ಕಥೆ ಚಿತ್ರಕಾರರಿಗೆ ಬಹಳ ಪ್ರಿಯವಾಯಿತು. ನಡೆದದ್ದು ಇಷ್ಟು ನಾಟಕೀಯವಲ್ಲ, ಆದರೆ ಹೆಚ್ಚು ಘನವಾದದ್ದು. ಆಂಬ್ರೋಸ್ ಅನಾರೋಗ್ಯದ ಕಾರಣ ಹೇಳಿ ಊರು ಬಿಟ್ಟ. ದೊರೆಯೊಬ್ಬನೇ ಓದಲೆಂದು ಸ್ವಹಸ್ತದಿಂದ ಪತ್ರ ಬರೆದ. ಊರೀಯನನ್ನು ಕೊಲ್ಲಿಸಿದ ದಾವೀದ ಅರಸನು ಪ್ರವಾದಿ ನಾತಾನನ ಎದುರು ಪಾಪವನ್ನೊಪ್ಪಿದ್ದನ್ನು ನೆನಪಿಸಿದ. ನೀವು ಉಪಸ್ಥಿತರಿದ್ದರೆ ನಾನು ಬಲಿಪೂಜೆ ಅರ್ಪಿಸಲಾರೆ ಎಂದ.

ಅಂದಿನ ಚರ್ಚಿನಲ್ಲಿ ಕೊಲೆಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು: ಪಾಪಿ ಪರಮಪ್ರಸಾದದಿಂದ ದೂರ ನಿಂತು, ಸಭೆಯ ಕಣ್ಣೆದುರೇ ಕ್ಷಮೆ ಬೇಡಬೇಕು. ಸಾಮಾನ್ಯ ಭಕ್ತನಿಗೆ ವಿಧಿಸುವ ಆ ಅಳತೆಯನ್ನೇ ಆಂಬ್ರೋಸ್ ಸಿಂಹಾಸನಕ್ಕೂ ಹಿಡಿದ. ಥಿಯೋಡೋಸಿಯಸ್ ರಾಜಲಾಂಛನಗಳನ್ನು ಕಳಚಿಟ್ಟು ಚರ್ಚಿನಲ್ಲಿ ಅತ್ತ. ಅದೇ ವರ್ಷದ ಕ್ರಿಸ್ಮಸ್‌ಗೆ ಮರಳಿ ಪರಮಪ್ರಸಾದ ಪಡೆದ. ಈ ಪ್ರಸಂಗದಲ್ಲಿ ನನಗೆ ಆಂಬ್ರೋಸನಿಗಿಂತ ದೊಡ್ಡವನಾಗಿ ಕಾಣುವವನು ಚಕ್ರವರ್ತಿಯೇ. ಹೇಳುವವನಿಗೆ ಧೈರ್ಯ ಸಾಕು. ಕೇಳಿಸಿಕೊಳ್ಳುವವನು ಸೈನ್ಯವನ್ನು ಬದಿಗಿಟ್ಟು ಬರಬೇಕು.

ಸಿರಿವಂತ ಪ್ರಜೆಗಳನ್ನೂ ಆಂಬ್ರೋಸ್ ಬಿಡಲಿಲ್ಲ. ನಾಬೋತನ ದ್ರಾಕ್ಷಿತೋಟವನ್ನು ಕಬಳಿಸಿದ ಅಹಾಬನ ಕುರಿತು ಗ್ರಂಥವನ್ನೇ ಬರೆದು, ಬಡವರ ಹೊಲ ನುಂಗುವ ತನ್ನ ಕಾಲದ ಭೂಮಾಲೀಕರಿಗೆ ಆ ಹೆಸರು ಅಂಟಿಸಿದ.

ಆದರೆ ಎರಡು ವರ್ಷ ಹಿಂದಿನ ಕ್ಯಾಲಿನಿಕಮ್ ಪ್ರಕರಣವನ್ನು ಮರೆಮಾಚಿ ಆತನನ್ನು ಹೊಗಳುವಂತಿಲ್ಲ. 388ರಲ್ಲಿ, ಯುಫ್ರಟೀಸ್ ದಡದ ಆ ಊರಲ್ಲಿ, ಧರ್ಮಾಧ್ಯಕ್ಷನ ಪ್ರಚೋದನೆಯಿಂದ ಕ್ರೈಸ್ತರು ಯೆಹೂದ್ಯರ ಸಭಾಮಂದಿರವನ್ನು ಸುಟ್ಟರು. ಸುಡಿಸಿದವನೇ ಕಟ್ಟಿಸಿಕೊಡಲಿ ಎಂಬುದು ಥಿಯೋಡೋಸಿಯಸ್‌ನ ಮೊದಲ ಆಜ್ಞೆ. ಯಾವ ನ್ಯಾಯಾಧೀಶನೂ ಒಪ್ಪಬಹುದಾದ ತೀರ್ಪು. ಸ್ವತಃ ಪ್ರಾಂತಾಧಿಕಾರಿಯಾಗಿ ನ್ಯಾಯ ನಡೆಸಿ ಬಂದಿದ್ದ ಆಂಬ್ರೋಸ್ ಅದನ್ನು ವಿರೋಧಿಸಿದ. ಆಜ್ಞೆ ಹಿಂತೆಗೆಯುವ ಮಾತು ಸಿಗುವವರೆಗೆ ಬಲಿಪೂಜೆ ಮುಂದುವರಿಸೆನೆಂದು ಪಟ್ಟುಹಿಡಿದು ಗೆದ್ದ. ಅಸ್ತ್ರ ಒಂದೇ. ಒಮ್ಮೆ ಸತ್ತವರ ಪರ, ಇನ್ನೊಮ್ಮೆ ಸುಟ್ಟವರ ಪರ.

ಕ್ಯಾಲಿನಿಕಮ್ ಕುರಿತ ಪತ್ರವನ್ನು ಆಂಬ್ರೋಸ್ ತನ್ನ ಪತ್ರಸಂಗ್ರಹದ ಹತ್ತನೆಯ ಭಾಗದಲ್ಲಿ ಸೇರಿಸಿಕೊಂಡ. ಥೆಸಲೋನಿಕದ ಪತ್ರ ಅದರಲ್ಲಿಲ್ಲ. ಸಂಗ್ರಹದ ಹೊರಗೇ ಉಳಿದು ನಮ್ಮವರೆಗೆ ಬಂದಿದೆ.